ಕೆನಾಲ್ ದಂಡೆಯ ದಾರಿ ಯಾರದು?

ನಮ್ಮ ಭಾಗದಲ್ಲಿ ದೀಪಾವಳಿ ಹತ್ತಿರ ಬಂತೆಂದರೆ ಹೆಣ್ಣುಮಕ್ಕಳ ಸೈಕಲ್ಲುಗಳು ಮೂಲೆ ಸೇರುತ್ತವೆ. ಕಾರಣ ಹಬ್ಬವಲ್ಲ, ಕಬ್ಬು. ಸಕ್ಕರೆ ಕಾರಖಾನೆಗಳ ಹಂಗಾಮು ಶುರುವಾದ ಮೇಲೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲ ಕಡೆಯ ರಸ್ತೆಗಳಲ್ಲೂ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಗಲೂ ರಾತ್ರಿ ಸಾಲುಗಟ್ಟುತ್ತವೆ. ಕಬ್ಬಿನ ಹೊರೆ ಟ್ರೇಲರಿನ ಅಂಚು ಮೀರಿ ಎರಡೂ ಬದಿಗೆ ಚಾಚಿರುತ್ತದೆ. ಡ್ರೈವರನ ಕಿವಿಗೆ ತಾನು ಹಚ್ಚಿದ ಹಾಡಿನ ಹೊರತು ಬೇರೇನೂ ಕೇಳಿಸದು. ಅದರ ಬದಿಯಲ್ಲಿ ಹದಿಮೂರು ವರ್ಷದ ಹುಡುಗಿ ಪಾಟಿಚೀಲ ಬೆನ್ನಿಗೆ ಹಾಕಿಕೊಂಡು ಸೈಕಲ್ ತುಳಿಯಬೇಕು. ಯಾವ ತಾಯಿಯ ಜೀವ ತಡೆದೀತು? "ಈ ನಾಕ ತಿಂಗಳ ಸೈಕಲ್ ಬ್ಯಾಡವ್ವಾ, ನಡಕೋತ ಹೋಗು" ಎನ್ನುತ್ತಾಳೆ. ನಡೆದರೆ ಹೊತ್ತಾಗುತ್ತದೆ, ಹೊತ್ತಾದರೆ ಹೆದರಿಕೆ, ಹೆದರಿಕೆ ಬೆಳೆದರೆ ಸಾಲಿ ಬಿಡಿಸುವ ಮಾತು. ಸೈಕಲ್ ಮೂಲೆ ಸೇರಿದ ಮನೆಯಲ್ಲಿ ಹುಡುಗಿಯೂ ಮೂಲೆ ಸೇರಲು ಬಹಳ ದಿನ ಬೇಕಿಲ್ಲ.

ಹಾಗಾದರೆ ಬೇರೆ ದಾರಿಯೇ ಇಲ್ಲವೇ? ಇದೆ. ನಮ್ಮ ಕಣ್ಣೆದುರಿಗೇ ಇದೆ. ಗೋಕಾಕ ತಾಲೂಕಿನ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿದ್ದು 1897ರಲ್ಲಿ. ಅಲ್ಲಿಂದ ಹೊರಟ ಎಡದಂಡೆ ಕಾಲುವೆ ರಾಯಬಾಗ ತಾಲೂಕಿನ ನೆಲ ತೋಯಿಸುತ್ತದೆ. ಮುಂದೆ ಹಿಡಕಲ್ ಅಣೆಕಟ್ಟು ಬಂತು, ಚಿಕ್ಕೋಡಿ ಶಾಖಾ ಕಾಲುವೆ ಬಂತು. ಅಥಣಿಯ ಕಡೆಗೆ ಕೃಷ್ಣೆಯ ಹಿಪ್ಪರಗಿ ಬ್ಯಾರೇಜಿನ ನೀರು ಬಂತು. ಕಾಲುವೆ ತೋಡಿದಲ್ಲೆಲ್ಲ ಅದರ ದಂಡೆಗುಂಟ ಇಂಜಿನಿಯರ ಸಾಹೇಬರ ಜೀಪು ಓಡಾಡಲೆಂದು ಗರಸು ಹಾಕಿದ ದಾರಿಯೊಂದನ್ನು ಮಾಡಿದ್ದಾರೆ. ಅದಕ್ಕೆ ಹೊಸದಾಗಿ ಭೂಮಿ ಹಿಡಿಯಬೇಕಿಲ್ಲ, ಡಾಂಬರು ಬೇಕಿಲ್ಲ. ನೀರು ಹರಿಯುವ ಇಳಿಜಾರು ಅತಿ ಕಡಿಮೆಯಾದ್ದರಿಂದ ಅದರ ಪಕ್ಕದ ದಾರಿಯೂ ಸಪಾಟು, ಏರಿಲ್ಲ, ಎದುರುಸಿರಿಲ್ಲ. ಸೈಕಲ್ಲಿಗೆಂದೇ ಹೇಳಿ ಮಾಡಿಸಿದ ದಾರಿ. ಆದರೆ ಬಹಳ ಕಡೆ ಅದನ್ನು ಜಾಲಿಕಂಟಿ ನುಂಗಿದೆ. ಕಂಟಿ ಇಲ್ಲದಲ್ಲಿ ಟ್ರ್ಯಾಕ್ಟರಿನ ಗಾಲಿ ಮೊಳಕಾಲುದ್ದದ ತಗ್ಗು ಮಾಡಿದೆ. ಉಳಿದದ್ದು ತಿಪ್ಪೆ.

ನಮ್ಮ ಭಾಗದ ಊರುಗಳನ್ನು ಬಲ್ಲವರಿಗೆ ತೋಟದ ವಸ್ತಿ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ನೀರಾವರಿ ಬಂದ ಮೇಲೆ ಸಾವಿರಾರು ಮನೆತನಗಳು ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡವು. ಸಾಲಿ, ದವಾಖಾನೆ, ಬಸ್ ಸ್ಟ್ಯಾಂಡು ಮಾತ್ರ ಊರಲ್ಲೇ ಉಳಿದವು. ನಡುವೆ ಎರಡು ಮೂರು ಕಿಲೋಮೀಟರು. ಆ ತೋಟಗಳ ಬೆನ್ನಿಗೇ ಕೆನಾಲ್ ಇದೆ, ಕೆನಾಲಿನ ಬೆನ್ನಿಗೆ ದಾರಿಯಿದೆ. 2023ರ ಜೂನ್ ತಿಂಗಳಿಂದ ನಮಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ ನಿಜ. ಒಳ್ಳೆಯದೇ ಆಯಿತು. ಆದರೆ ಬಸ್ಸು ತೋಟದ ಬಾಗಿಲಿಗೆ ಬರುತ್ತದೆಯೇ? ಬಸ್ಸಿನವರೆಗೆ ಹೋಗುವ ದಾರಿಯನ್ನು ಯಾರು ಕೊಡಬೇಕು?

ಸರಕಾರ ಸೈಕಲ್ಲನ್ನೂ ಕೊಟ್ಟಿತು. 2006-07ರಲ್ಲಿ ಎಂಟನೆಯ ಇಯತ್ತೆಯ ಬಡ ಹುಡುಗಿಯರಿಗೆಂದು ಶುರುವಾದ ಯೋಜನೆ ಮುಂದೆ ಹುಡುಗರಿಗೂ ಬಂತು. 2020ರಲ್ಲಿ ಕೊರೋನಾ ಬಂದಾಗ ನಿಂತಿತು. ಆ ಸೈಕಲ್ಲಿನ ಬೆಲೆ ಏನೆಂದು ತಿಳಿಯಬೇಕಾದರೆ ಬಿಹಾರದ ಕಡೆ ನೋಡಬೇಕು. ಅಲ್ಲಿಯೂ 2006ರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನು ಅಭ್ಯಾಸ ಮಾಡಿ 2017ರಲ್ಲಿ ಪ್ರಕಟಿಸಿದರು. ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತ್ತು. ಹುಡುಗ-ಹುಡುಗಿಯರ ನಡುವಿನ ಅಂತರ ಶೇಕಡಾ 40ರಷ್ಟು ತಗ್ಗಿತ್ತು. ಲಾಭ ಹೆಚ್ಚಾಗಿ ಕಂಡದ್ದು ಸಾಲಿ ದೂರವಿದ್ದ ಹಳ್ಳಿಗಳಲ್ಲೇ. ಅಂದರೆ ನಮ್ಮ ತೋಟದ ವಸ್ತಿಯಂಥ ಜಾಗಗಳಲ್ಲಿ. ಎರಡು ಗಾಲಿ ಇಷ್ಟು ಮಾಡಬಲ್ಲವು. ಆದರೆ ಗಾಲಿ ಕೊಟ್ಟು ದಾರಿ ಕೊಡದಿದ್ದರೆ ಅದು ತಾಟು ಹಾಕಿ ಅನ್ನ ಬಡಿಸದೆ ಹೋದ ಹಾಗೆ.

ಈ ಮಾತನ್ನು ನಾಲ್ಕು ಜನರೆದುರು ಆಡಿದರೆ ಆಕ್ಷೇಪಗಳು ಸಾಲಾಗಿ ಬರುತ್ತವೆ. ಮೊದಲನೆಯದು, "ಕೆನಾಲ್ ದಾರಿ ನಿರ್ಜನ. ಎರಡೂ ಕಡೆ ಆಳೆತ್ತರದ ಕಬ್ಬು. ಹೆಣ್ಣುಮಕ್ಕಳಿಗೆ ಕ್ಷೇಮವಲ್ಲ." ಈ ಹೆದರಿಕೆ ಸುಳ್ಳೆಂದು ನಾನು ಹೇಳಲಾರೆ. ಆದರೆ ನಿರ್ಜನತೆಗೆ ಮದ್ದು ಜನ. ಒಬ್ಬ ಹುಡುಗಿ ಹೋದರೆ ಅದು ನಿರ್ಜನ ದಾರಿ. ಮೂವತ್ತು ಹುಡುಗಿಯರು, ಹತ್ತು ಮಂದಿ ಹಾಲಿನವರು, ಮುಂಜಾನೆ ತಿರುಗಾಡಲು ಬಂದ ನಾಲ್ಕು ಮಂದಿ ವೈನಿಯರು ಸೇರಿದರೆ ಅದು ಓಣಿ. ಕಂಟಿ ಕಡಿಸಿ, ದಂಡೆಯಿಂದ ನಾಲ್ಕು ಮಾರು ದೂರ ಕಾಣುವಂತೆ ಮಾಡಿದರೆ ಅರ್ಧ ಹೆದರಿಕೆ ಅಲ್ಲೇ ಕಡಿಮೆಯಾಗುತ್ತದೆ. "ನೀನು ಹೋಗಬೇಡ" ಎನ್ನುವುದು ಕ್ಷೇಮದ ಮಾತಲ್ಲ, ಜವಾಬ್ದಾರಿ ಜಾರಿಸಿಕೊಳ್ಳುವ ಮಾತು.

ಎರಡನೆಯದು, "ನೀರಿನಲ್ಲಿ ಬಿದ್ದರೆ?" ಸರಿಯಾದ ಪ್ರಶ್ನೆ. ಆದರೆ ಇದೇ ಕೆನಾಲಿನ ಪಾವಟಿಗೆಯ ಮೇಲೆ ಕೂತು ನಮ್ಮ ಹೆಂಗಸರು ಅರಿವೆ ಒಗೆಯುವಾಗ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲವಲ್ಲ! ಅಪಾಯ ನಮ್ಮ ದುಡಿಮೆಗೆ ಅಡ್ಡ ಬರುವುದಿಲ್ಲ, ನಮ್ಮ ಓಡಾಟಕ್ಕೆ ಮಾತ್ರ ಅಡ್ಡ ಬರುತ್ತದೆ. ನೀರಿನ ಬದಿಗೆ ಕಲ್ಲುಕಂಬ ನೆಡಿಸಿ, ಅಲ್ಲಲ್ಲಿ ಹಿಡಿದು ಮೇಲೆ ಹತ್ತಲು ಮೆಟ್ಟಿಲು ಕೊರೆಯಿಸಿ. ಸೈಕಲ್ಲಿನವರಷ್ಟೇ ಅಲ್ಲ, ಅರಿವೆ ಒಗೆಯುವವರೂ ದನ ಮೈತೊಳೆಯುವವರೂ ಬದುಕಿಕೊಳ್ಳುತ್ತಾರೆ.

ಮೂರನೆಯದು, "ರೈತನ ಕಬ್ಬು ಹೇಗೆ ಹೊರಬೀಳಬೇಕು?" ನಾವೂ ರೈತರ ಮನೆಯವರೇ. ಕಬ್ಬು ನಿಲ್ಲಿಸಿರೆಂದು ಯಾರೂ ಕೇಳುತ್ತಿಲ್ಲ. ಎರಡು ದಂಡೆಗೂ ದಾರಿಯಿರುವಲ್ಲಿ ಒಂದನ್ನು ಟ್ರ್ಯಾಕ್ಟರಿಗೆ ಬಿಡಿ, ಇನ್ನೊಂದಕ್ಕೆ ಕಲ್ಲು ನೆಟ್ಟು ಸೈಕಲ್ಲಿಗೂ ಕಾಲ್ನಡೆಗೂ ಇಡಿ. ಒಂದೇ ದಾರಿಯಿದ್ದಲ್ಲಿ ಸಾಲಿ ತೆರೆಯುವ ಮತ್ತು ಬಿಡುವ ಹೊತ್ತಿಗೆ ಒಂದೊಂದು ತಾಸು ಟ್ರ್ಯಾಕ್ಟರ್ ತಡೆಯಿರಿ. ಕಬ್ಬು ಒಂದು ತಾಸು ಕಾಯಬಲ್ಲದು. ಕಾರಖಾನೆಯ ಗೇಟಿನಲ್ಲಿ ಅದು ಅದಕ್ಕಿಂತ ಹೆಚ್ಚು ಹೊತ್ತು ಕಾಯುತ್ತದೆ.

ಪೇಟೆಯವರ ಆಕ್ಷೇಪ ಬೇರೆ: "ಈಗ ಎಲ್ಲರ ಮನೆಯಲ್ಲೂ ಸ್ಕೂಟಿ ಇದೆ, ಸೈಕಲ್ ಯಾರಿಗೆ ಬೇಕು?" ಹದಿನಾಲ್ಕರ ಹುಡುಗಿಗೆ ಸ್ಕೂಟಿ ಕೊಡುವುದು ಕಾನೂನಿಗೆ ವಿರುದ್ಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಇನ್ನು ಹುಡುಗಿಯ ಮಾತು ಬಿಡಿ, ಅವಳ ತಾಯಿಯ ಮಾತಿಗೆ ಬನ್ನಿ. ನಲವತ್ತಕ್ಕೆ ಮೊಳಕಾಲು ನೋವು, ನಲವತ್ತೈದಕ್ಕೆ ಸಕ್ಕರೆ ಕಾಯಿಲೆ. ಡಾಕ್ಟರು "ದಿನಾ ಅರ್ಧ ತಾಸು ತಿರುಗಾಡ್ರಿ" ಎನ್ನುತ್ತಾರೆ. ಎಲ್ಲಿ ತಿರುಗಾಡಬೇಕು? ನಿಪ್ಪಾಣಿಯ ಮಗ್ಗುಲಲ್ಲೇ ರಾಷ್ಟ್ರೀಯ ಹೆದ್ದಾರಿ 48 ಗುಡುಗುತ್ತದೆ. ಉಳಿದ ಊರುಗಳ ರಸ್ತೆಯ ಅಂಚಿನಲ್ಲಿ ಕಾಲಿಡಲು ಗೇಣು ಜಾಗವಿಲ್ಲ. ಮಾಳಿಗೆಯ ಮೇಲೆ ಗಾಣದೆತ್ತಿನಂತೆ ಸುತ್ತುವ ಗೆಳತಿಯರು ನನಗೆ ಎಷ್ಟೋ ಮಂದಿ ಗೊತ್ತು.

ಇದೆಲ್ಲ ಆಗದ ಮಾತಲ್ಲ. ಇಂಗ್ಲೆಂಡಿನ ಉತ್ತರ ತುದಿಯಲ್ಲಿ ಕೀಲ್ಡರ್ ಎಂಬ ಕಾಡಿನ ನಡುವೆ ಅಣೆಕಟ್ಟು ಕಟ್ಟಿ ದೊಡ್ಡದೊಂದು ಜಲಾಶಯ ಮಾಡಿದ್ದಾರೆ. ಅದರ ಸುತ್ತ 26 ಮೈಲಿಯ ಗರಸಿನ ದಾರಿ, ಮೋಟಾರಿಗೆ ಪ್ರವೇಶವಿಲ್ಲ. ನಡೆಯುವವರು, ಸೈಕಲ್ಲಿನವರು, ಕುದುರೆಯವರು ಮಾತ್ರ. ನೀರಾವರಿಯ ನೀರಾಗಲಿ ಕುಡಿಯುವ ನೀರಾಗಲಿ, ಅದರ ದಂಡೆ ಜನರಿಗೆ ದಕ್ಕಬಾರದೆಂದು ಎಲ್ಲಿಯೂ ಬರೆದಿಲ್ಲ. ಸೈಕಲ್ಲಿನ ನಾಡೆಂದು ಹೆಸರಾದ ನೆದರ್‌ಲ್ಯಾಂಡಿನಲ್ಲೂ ದಾರಿಗಳು ಆಕಾಶದಿಂದ ಉದುರಲಿಲ್ಲ. 1971ರ ಒಂದೇ ವರ್ಷ ಅಲ್ಲಿ ರಸ್ತೆಯ ಮೇಲೆ ಸತ್ತವರು ಮೂರು ಸಾವಿರಕ್ಕೂ ಹೆಚ್ಚು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಆಗ ತಾಯಿತಂದೆಯರು "ಮಕ್ಕಳ ಕೊಲೆ ನಿಲ್ಲಿಸಿ" ಎಂಬ ಹೆಸರಿನಲ್ಲೇ ಚಳವಳಿ ಹೂಡಿ ಬೀದಿಗಿಳಿದರು. ಅಷ್ಟು ದೂರವೇಕೆ? ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದೊಂದಿಗೆ ಹಳ್ಳಿಯ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಅಕ್ಷರ ಮತ್ತು ಸೈಕಲ್ ಎರಡೂ ಒಂದೇ ಕೆಲಸ ಮಾಡುತ್ತವೆಂದು, ಒಬ್ಬರ ಕೈ ಹಿಡಿಯದೆ ಹೊಸ್ತಿಲು ದಾಟಿಸುತ್ತವೆಂದು, ಅಲ್ಲಿನ ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅವರಿಗೆ ಹೊಳೆದಿತ್ತು.

ನಮ್ಮಲ್ಲಿ ಕೂಡ ನೋಡುವುದಕ್ಕೇನು ಕಡಿಮೆ? ಧೂಪದಾಳದ ಹಿನ್ನೀರು 1974ರಿಂದ ಘಟಪ್ರಭಾ ಪಕ್ಷಿಧಾಮ. ಚಳಿಗಾಲಕ್ಕೆ ದೂರದೇಶದ ಕೊಕ್ಕರೆಗಳು ಬಂದಿಳಿಯುತ್ತವೆ. ಗಡಿ ದಾಟಿ ಬರುವ ಹಕ್ಕಿಗೆ ಯಾರೂ "ಒಬ್ಬಳೇ ಎಲ್ಲಿಗೆ ಹೊರಟೆ?" ಎಂದು ಕೇಳುವುದಿಲ್ಲ. ರಾಯಬಾಗದ ಹೆಣ್ಣುಮಗಳು ಅದನ್ನು ನೋಡಲು ಕೆನಾಲ್ ದಂಡೆಗುಂಟ ಸೈಕಲ್ ಮೇಲೆ ಹೋಗುವಂತಾಗಬೇಕು.

ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಕಂಟಿ ಕಡಿಸಿರಿ. ತಗ್ಗಿಗೆ ಗರಸು ಹಾಕಿಸಿರಿ. ನೀರಿನ ಬದಿಗೆ ಕಲ್ಲು ನೆಡಿಸಿರಿ. ದಾರಿಯ ಬಾಯಿಗೆ ಮೋಟಾರು ತಡೆಯುವ ಕಂಬ ಹಾಕಿಸಿರಿ. ಒಂದು ಫ್ಲೈಓವರಿನ ಕಾಲಿಗೆ ಬೀಳುವ ಸಿಮೆಂಟಿನ ಖರ್ಚೂ ಇದಕ್ಕೆ ಬೀಳಲಾರದು. ಮಹಿಳಾ ಮಂಡಳದಲ್ಲಿ ರಂಗೋಲಿ ಸ್ಪರ್ಧೆಗೆ ಸೇರುವ ದಿನವೇ ಒಂದು ಅರ್ಜಿ ಬರೆದು ಇಪ್ಪತ್ತು ಸಹಿ ಹಾಕಿ ನೀರಾವರಿ ನಿಗಮದ ಕಚೇರಿಗೆ ಕೊಡಬಹುದು. ಒಂದು ಸಲ ಕೊಟ್ಟರೆ ಕಡತ ಸೇರುತ್ತದೆ. ಪ್ರತಿ ತಿಂಗಳೂ ಕೊಟ್ಟರೆ ದಾರಿಯಾಗುತ್ತದೆ. ಮತ ಕೇಳಲು ಬಾಗಿಲಿಗೆ ಬಂದವರಿಗೆ ಚಹಾ ಕೊಡುವಾಗ ಇದೊಂದು ಪ್ರಶ್ನೆಯನ್ನೂ ಬಸಿಯಲ್ಲಿಟ್ಟು ಕೊಡಿ: ಕೆನಾಲಿನ ನೀರು ಕಬ್ಬಿಗೆ, ಕಬ್ಬು ಕಾರಖಾನೆಗೆ, ರಸ್ತೆ ಟ್ರ್ಯಾಕ್ಟರಿಗೆ, ನಮ್ಮ ಹೆಣ್ಣುಮಕ್ಕಳ ಪಾಲಿಗೆ ಯಾವುದು?