ರಸ್ತೆ ಸುರಕ್ಷತೆ: ಪ್ರಬಂಧವೋ, ಲೆಕ್ಕವೋ?

ರಸ್ತೆ ಸುರಕ್ಷತೆಯನ್ನು ನಮ್ಮ ಶಾಲೆಗಳಲ್ಲಿ ಪ್ರಬಂಧವಾಗಿ ಕಲಿಸ್ತಾರೆ, ಲೆಕ್ಕವಾಗಿ ಕಲಿಸೋದಿಲ್ಲ. ನನ್ನ ತಕರಾರು ಇಷ್ಟೇ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅಂತ ಮೂರು ತಲೆಬರಹ ಹಾಕಿ, ನಡುವೆ ಎಲ್ಲಾದರೂ "ಅವಸರವೇ ಅಪಘಾತಕ್ಕೆ ಕಾರಣ" ಎಂದು ಬರೆದುಬಿಟ್ಟರೆ ಐದಕ್ಕೆ ನಾಲ್ಕು ಮಾರ್ಕ್ಸು ಖಾತ್ರಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈ ಪ್ರಬಂಧವನ್ನು ಏನಿಲ್ಲವೆಂದರೂ ಆರು ಸಲ ಬರೆದಿದ್ದೇನೆ. ಜನವರಿಯಲ್ಲಿ ಸಪ್ತಾಹ ಬಂದಾಗ ಜಾಥಾ ಬೇರೆ. ನಾವು ಘೋಷಣೆ ಕೂಗುತ್ತಾ ರಸ್ತೆಯ ಅರ್ಧ ಭಾಗ ಹಿಡಿದು ನಡೆಯುತ್ತಿದ್ದೆವು, ಬಸ್ಸುಗಳು ನಮ್ಮಿಂದಾಗಿ ರಾಂಗ್ ಸೈಡಿನಲ್ಲಿ ಹೋಗುತ್ತಿದ್ದವು. ಇದನ್ನು ತಮಾಷೆಗೆ ಹೇಳುತ್ತಿಲ್ಲ, ನಡೆದದ್ದೇ ಹಾಗೆ.

ಅದೇ ವರ್ಷ, ಅದೇ ಕೋಣೆಯಲ್ಲಿ, ವಿಜ್ಞಾನದ ಪೀರಿಯಡ್ಡಿನಲ್ಲಿ ಚಲನೆಯ ಸಮೀಕರಣಗಳನ್ನು ಬಾಯಿಪಾಠ ಮಾಡಿಸಿದರು. ಆರಂಭಿಕ ವೇಗ, ಅಂತಿಮ ವೇಗ, ವೇಗೋತ್ಕರ್ಷ, ಕ್ರಮಿಸಿದ ದೂರ. ಲೆಕ್ಕದಲ್ಲಿ ಯಾವಾಗಲೂ ಒಂದು ರೈಲು ನಿಲ್ದಾಣ ಬಿಟ್ಟು ಹೊರಡುತ್ತಿತ್ತು. ನಮ್ಮೂರಿನ ಕಡೆ ರೈಲೇ ಕಾಣದ ಹುಡುಗರಿಗೂ ಆ ರೈಲು ಬಿಡಲಿಲ್ಲ. ಶಾಲೆಯ ಗೇಟಿನ ಮುಂದೆ ದಿನಕ್ಕೆ ನೂರು ಸಲ ಬ್ರೇಕು ಹಾಕುತ್ತಿದ್ದ ಬಸ್ಸು, ಟೆಂಪೋ, ಬೈಕುಗಳನ್ನು ಮಾತ್ರ ಯಾವ ಲೆಕ್ಕದೊಳಗೂ ತರಲಿಲ್ಲ.

ಒಂದು ಸಲ ನೀವೇ ಕೂತು ಮಾಡಿ ನೋಡಿ. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಎದುರಿಗೆ ದನ ಬಂದದ್ದು ಕಣ್ಣಿಗೆ ಕಂಡು, ಕಾಲು ಬ್ರೇಕಿನ ಮೇಲೆ ಹೋಗೋಕೆ ಒಂದೇ ಸೆಕೆಂಡು ಹಿಡಿದರೂ 11 ಮೀಟರ್ ಮುಗಿದುಹೋಯಿತು. ಒಣಗಿದ ಡಾಂಬರಿನ ಮೇಲೆ ಘರ್ಷಣೆಯ ಅಂಕ 0.7 ಎಂದು ಇಟ್ಟುಕೊಂಡರೆ, ಬ್ರೇಕು ಕಚ್ಚಿದ ಮೇಲೆ ಇನ್ನೂ 9 ಮೀಟರ್ ಬೇಕು. ಒಟ್ಟು 20. ಈಗ 80ರ ವೇಗ ಹಾಕಿ. ಕಣ್ಣಿನಿಂದ ಕಾಲಿಗೆ ಬರುವಷ್ಟರಲ್ಲಿ 22 ಮೀಟರ್, ಬ್ರೇಕಿಗೆ 36, ಒಟ್ಟು 58. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟು. ಮಳೆ ಬಂದು ಘರ್ಷಣೆ 0.4ಕ್ಕೆ ಇಳಿದರೆ ಅದೇ 80ಕ್ಕೆ 85 ಮೀಟರ್ ಬೇಕು. ಲೋಡಾದ ಲಾರಿಗೆ ಇನ್ನೂ ಹೆಚ್ಚು. "ನಿಧಾನವಾಗಿ ಚಲಿಸಿ" ಅನ್ನೋ ಬೋರ್ಡಿಗಿಂತ ಈ ಆರೇಳು ಅಂಕಿ ನನ್ನನ್ನು ಹೆಚ್ಚು ಹೆದರಿಸಿದವು. ಆದರೆ ಇವನ್ನು ನಾನು ಮಾಡಿದ್ದು ಶಾಲೆ ಬಿಟ್ಟ ಮೇಲೆ, ವಿಜಯವಾಡದಲ್ಲಿ, ಒಂದು ಹೋಟೆಲಿನ ಬಿಲ್ ಪುಸ್ತಕದ ಹಿಂದೆ.

ವಿಜಯವಾಡ ಯಾಕೆ ಬಂತು ಅಂದರೆ, ನಮ್ಮ ಅಪ್ಪಯ್ಯ ಅಲ್ಲಿ ಕ್ಯಾಶಿಯರ್. ಕುಂದಾಪುರದ ಕಡೆಯವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ, ದೋಸೆಕಲ್ಲು ಇದ್ದಲ್ಲೆಲ್ಲ ನಮ್ಮವರು ಇದ್ದಾರೆ. ಅಮ್ಮನ ತಮ್ಮ, ಅಂದರೆ ನಮ್ಮ ಮಾವಯ್ಯ, ಲಾರಿ ಡ್ರೈವರ್. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಿಂದ ಕಬ್ಬಿಣದ ಸರಳು ತುಂಬಿಕೊಂಡು ಬರುವುದು ಅವರ ಕೆಲಸ. ಪಿಯುಸಿ ರಜೆಯಲ್ಲಿ ಅವರ ಜೊತೆ ಗಾಜುವಾಕದಲ್ಲಿ ಸಂಜೆ ಹತ್ತಿ ವಿಜಯವಾಡದಲ್ಲಿ ಇಳಿದೆ. ಸುಮಾರು 350 ಕಿಲೋಮೀಟರ್. ಅನಕಾಪಲ್ಲಿ, ತುನಿ, ಗೋದಾವರಿ ದಾಟಿ ಏಲೂರು. ಸರ್ಕಾರ ಈಗ ಇದನ್ನು ಎನ್‌ಎಚ್ 16 ಅನ್ನುತ್ತದೆ, ಹಳೇ ಡ್ರೈವರುಗಳ ಬಾಯಲ್ಲಿ ಇನ್ನೂ ಎನ್‌ಎಚ್ 5. ಹತ್ತು ವರ್ಷ ಶಾಲೆಯಲ್ಲಿ ಕಲಿತದ್ದಕ್ಕೆ ಆ ಒಂದು ರಾತ್ರಿ ಅರ್ಥ ಬಂತು ಎಂದರೆ ಮೇಷ್ಟ್ರುಗಳು ಬೇಜಾರು ಮಾಡಿಕೊಳ್ಳಬಾರದು.

ಮಾವಯ್ಯ ಮುಂದಿನ ಗಾಡಿಗೂ ತಮ್ಮ ಗಾಡಿಗೂ ನಡುವೆ ವಿಪರೀತ ಜಾಗ ಬಿಡುತ್ತಿದ್ದರು. ಕಾರುಗಳು ಆ ಜಾಗಕ್ಕೆ ನುಗ್ಗಿ ನುಗ್ಗಿ ಬರುತ್ತಿದ್ದವು, ಇವರು ಮತ್ತೆ ಹಿಂದೆ ಸರಿಯುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ, "ಎಂತ ಮಾಣಿ, ಬ್ರೇಕ್ ಹಾಕ್ರೆ ಲಾರಿ ನಿಲ್ಲತ್ತ್. ಹಿಂದಿದ್ ಕಬ್ಬಿಣಕ್ಕೆ ನಿಲ್ ಅಂದೇಳಿ ಯಾರ್ ಹೇಳೂದ್?" ಎಂದರು. ಜೋರಾಗಿ ಬ್ರೇಕು ಹಿಡಿದರೆ ಸರಳುಗಳು ಮುಂದಕ್ಕೆ ಜಾರಿ ಕ್ಯಾಬಿನ್ ಸೀಳಿಕೊಂಡು ಬರುತ್ತವೆ. ಡ್ರೈವರನ ಬೆನ್ನಿಗೂ ಕಬ್ಬಿಣಕ್ಕೂ ನಡುವೆ ಇರೋದು ಒಂದು ತಗಡು. ನಮ್ಮ ಪುಸ್ತಕದಲ್ಲಿ ಇದಕ್ಕೆ ಜಡತ್ವ ಎಂದು ಹೆಸರು. ಲೋಟದ ಮೇಲೆ ರಟ್ಟು, ರಟ್ಟಿನ ಮೇಲೆ ನಾಣ್ಯ ಇಟ್ಟು ರಟ್ಟನ್ನು ಬೆರಳಲ್ಲಿ ಹೊಡೆಯುವ ಚಿತ್ರ ಇತ್ತಲ್ಲ, ಅದೇ.

ಕ್ಲೀನರ್ ಹುಡುಗ ತೆಲುಗಿನವನು, ಸರ್ಕಾರಿ ಶಾಲೆಯಲ್ಲಿ ತೆಲುಗು ಮಾಧ್ಯಮದಲ್ಲಿ ಹತ್ತು ಓದಿದವನು. ನಾನು ಜಡತ್ವ ಅಂದೆ. ಅವನು "ಜಡತ್ವಂ" ಅಂದ. ಘರ್ಷಣೆ ಅಂದೆ. "ಘರ್ಷಣ" ಅಂದ. ಇಬ್ಬರಿಗೂ ನಗು ಬಂತು. ಇಂಗ್ಲಿಷಿನಲ್ಲಿ ಹೇಳಿದ್ದರೆ ಇಬ್ಬರೂ ಮಿಕಮಿಕ ನೋಡಬೇಕಿತ್ತು. ಒಂದು ಕಡೆ ಮಾತ್ರ ಬೇರೆಯಾಯಿತು. ನಾವು ಸಂವೇಗ ಅನ್ನುವುದನ್ನು ಅವರು ದ್ರವ್ಯವೇಗಂ ಅನ್ನುತ್ತಾರೆ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಬೇಕು ಎಂಬುದು ಹೆಸರಿನಲ್ಲೇ ಇದೆ. ಕನ್ನಡಾಭಿಮಾನಿಗಳು ಕ್ಷಮಿಸಬೇಕು, ನಮ್ಮದಕ್ಕಿಂತ ಅದೇ ಒಳ್ಳೆಯ ಪದ. ಕನ್ನಡ ಮಾಧ್ಯಮದವರಿಗೆ ವಿಜ್ಞಾನ ತಲೆಗೆ ಹೋಗಲ್ಲ ಎಂದು ಕಾಮನ್ ರೂಮಿನಲ್ಲಿ ಕೆಲವರು ಹೇಳ್ತಾರಲ್ಲ, ಅವರನ್ನೊಮ್ಮೆ ಆ ಲಾರಿಗೆ ಹತ್ತಿಸಬೇಕು.

ಟೈರಿನ ಮಾತು ಬಂದಾಗ ನನ್ನ ಕಾಮರ್ಸು ಕೂಡ ಎದ್ದು ಕೂತಿತು. ಲಾರಿಯ ಮೇಲೆ ವರ್ಷಕ್ಕಿಷ್ಟು ಸವಕಳಿ ಎಂದು ನಾವು ಅಕೌಂಟೆನ್ಸಿಯಲ್ಲಿ ಹಾಕುತ್ತೇವೆ. ಮಾಲೀಕನಿಗೆ ಅದು ಲಾಭದಲ್ಲಿ ಕಳೆಯುವ ಅಂಕಿ. ಮಾವಯ್ಯನಿಗೆ ಸವಕಳಿ ಅಂದರೆ ಹಿಂದಿನ ಟೈರು ನುಣ್ಣಗಾಗಿರೋದು, ರೀಸೋಲ್ ಮಾಡಿಸಿಕೊಡಿ ಎಂದು ಎರಡು ತಿಂಗಳಿಂದ ಕೇಳುತ್ತಿರೋದು. ಮಳೆಯಲ್ಲಿ ಆ 85 ಮೀಟರ್ ನೂರಾಗುವುದು ಈ ಟೈರಿನಿಂದ. ಅಪಘಾತವಾದರೆ ಪೇಪರಿನಲ್ಲಿ "ಚಾಲಕನ ಅಜಾಗರೂಕತೆ" ಎಂದೇ ಬರುತ್ತದೆ.

ವಿಜಯವಾಡದಲ್ಲಿ ಇನ್ನೊಂದು ಜಗತ್ತು ನೋಡಿದೆ. ಅಲ್ಲಿ ಇಂಜಿನಿಯರ್ ಆಗುವುದು ಒಂದು ದೊಡ್ಡ ಉದ್ಯಮ. ಗೋಡೆಗೋಡೆಗೂ ರ‍್ಯಾಂಕ್ ಬಂದವರ ಪಾಸ್‌ಪೋರ್ಟ್ ಫೋಟೋಗಳು. ಹಾಸ್ಟೆಲಿನ ಹುಡುಗರು ಬೆಳಗ್ಗೆ ಕತ್ತಲಲ್ಲೇ ಓದಲು ಕೂತು ರಾತ್ರಿ ಏಳುತ್ತಾರೆ. ಭಾನುವಾರ ಹೊರಗೆ ಬಿಟ್ಟಾಗ ನಮ್ಮ ಹೋಟೆಲಿಗೆ ಬರುತ್ತಿದ್ದ ಒಬ್ಬ ಎಂಪಿಸಿ ಹುಡುಗನ ಪರಿಚಯವಾಯಿತು. ತಿರುವಿನಲ್ಲಿ ರಸ್ತೆಯನ್ನು ಎಷ್ಟು ಕೋನಕ್ಕೆ ಓರೆ ಮಾಡಬೇಕು ಎಂಬ ಲೆಕ್ಕವನ್ನು ಅವನು ಒಂದೇ ನಿಮಿಷದಲ್ಲಿ ಮಾಡಿದ, ನನಗೆ ಹೊಟ್ಟೆಕಿಚ್ಚಾಗುವಷ್ಟು ಸಲೀಸಾಗಿ. ಸಿಂಹಾಚಲದ ಘಾಟಿ ಹತ್ತುವಾಗ ರಸ್ತೆಯ ಹೊರ ಅಂಚು ಎತ್ತರ ಇರೋದನ್ನ ನೋಡಿದ್ದೀಯಾ ಎಂದು ಕೇಳಿದೆ. "ರಸ್ತೆ ಹಾಗೆ ಇರುತ್ತಾ?" ಎಂದ. ನಾಲ್ಕು ಸಲ ಸಿಂಹಾಚಲಕ್ಕೆ ಹೋಗಿಬಂದ ಹುಡುಗ. ಅವನನ್ನು ಹಳಿಯುತ್ತಿಲ್ಲ, ಕಿಟಕಿಯಾಚೆ ನೋಡಿದ್ದಕ್ಕೆ ಅವನಿಗೆ ಯಾರೂ ಮಾರ್ಕ್ಸು ಕೊಟ್ಟಿಲ್ಲ.

ನಮ್ಮ ಕಡೆ ಮಾತ್ರ ಏನು ಕಡಿಮೆ? ಸೆಪ್ಟೆಂಬರ್ 15 ಬಂದರೆ ವಿಶ್ವೇಶ್ವರಯ್ಯನವರ ಮೇಲೆ ಭಾಷಣ. ಎರಡು ಮೇಣದಬತ್ತಿಯ ಕತೆ ಹೇಳದ ಹುಡುಗ ಕರ್ನಾಟಕದಲ್ಲಿ ಇಲ್ಲ. ಕನ್ನಂಬಾಡಿ, 1908ರ ಪ್ರವಾಹದ ನಂತರ ಹೈದರಾಬಾದಿನ ಮೂಸಿ ನದಿ, ವಿಶಾಖಪಟ್ಟಣದ ಬಂದರಿನಲ್ಲಿ ಕಡಲಕೊರೆತ ಎಂದು ಊರುಗಳ ಪಟ್ಟಿಯನ್ನೂ ಒಪ್ಪಿಸುತ್ತೇವೆ. ಆದರೆ 1903ರಲ್ಲಿ ಪುಣೆ ಹತ್ತಿರದ ಖಡಕವಾಸ್ಲಾದಲ್ಲಿ ಅವರು ಹಾಕಿಸಿದ ಬಾಗಿಲುಗಳು ನೀರು ಏರಿದಾಗ ತಾವೇ ತೆರೆದುಕೊಳ್ಳುವುದು ಹೇಗೆ ಎಂದು ಯಾರಾದರೂ ಕೇಳಿದ್ದುಂಟೇ? ಆ ಮನುಷ್ಯನನ್ನು ಪೂಜೆಗೆ ಇಟ್ಟೆವು, ಅವರ ಕೆಲಸವನ್ನು ಅಟ್ಟಕ್ಕೆ ಹಾಕಿದೆವು.

ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಮೇಲೆ ನಾನು ಎಷ್ಟೋ ಸಂಜೆ ನಡೆದಿದ್ದೇನೆ. ಕೃಷ್ಣೆಗೆ ಅಲ್ಲಿ ಮೊದಲು ಅಣೆಕಟ್ಟು ಮುಗಿದದ್ದು 1855ರಲ್ಲಿ, ಅದು 1952ರಲ್ಲಿ ಒಡೆಯಿತು, ಈಗಿನದು 1957ರದ್ದು. 70 ಬಾಗಿಲು, ಮೇಲೆ ರಸ್ತೆ. 2024ರ ಸೆಪ್ಟೆಂಬರ್ ಮೊದಲಲ್ಲಿ 11 ಲಕ್ಷ ಕ್ಯೂಸೆಕ್‌ಗೂ ಮೀರಿ ನೀರು ಬಂದಾಗ ಮೇಲಿನಿಂದ ತೇಲಿಬಂದ ಕಬ್ಬಿಣದ ದೋಣಿಗಳು ಬಡಿದು, ಬಾಗಿಲುಗಳ ಪ್ರತಿಭಾರದ ಕಾಂಕ್ರೀಟ್ ದಿಮ್ಮಿಗಳು ಒಡೆದವು. ಅದನ್ನು ಸರಿಪಡಿಸಲು ಬಂದವರು ಕನ್ನಯ್ಯ ನಾಯ್ಡು. ನಮಗೆ ಹೊಸಬರಲ್ಲ. ಅದಕ್ಕೆ ಮೂರು ವಾರ ಮುಂಚೆ, ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ, ಹರಿಯೋ ನೀರಿನಲ್ಲೇ ತಡೆಗೇಟು ಇಳಿಸುವ ಕೆಲಸದ ಮುಂದಾಳು ಅವರೇ. ಪ್ರತಿಭಾರ ಅಂದರೆ ಏನು? ಏತದ ಹಿಂದೆ ಕಟ್ಟುವ ಕಲ್ಲು. ಅಜ್ಜನಿಗೆ ಗೊತ್ತಿತ್ತು. ನಮಗೆ "ಸರಳ ಯಂತ್ರಗಳು" ಎಂಬ ಪಾಠದಲ್ಲಿ ಬಿಟ್ಟ ಸ್ಥಳ ತುಂಬಿ ಅಂತ ಬಂತು.

ಇನ್ನು ಈ ಲೇಖನ ಬರೆಯೋಕೆ ನಿಜವಾದ ಕಾರಣಕ್ಕೆ ಬರುತ್ತೇನೆ. ಅಪ್ಪಯ್ಯನ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ ನಮ್ಮ ಕಡೆಯ ಹುಡುಗನೊಬ್ಬ, 22 ವರ್ಷ, ರಾತ್ರಿ ಕೆಲಸ ಮುಗಿಸಿ ಹೆದ್ದಾರಿ ದಾಟುವಾಗ ಯಾವುದೋ ಗಾಡಿ ಬಡಿದು ಸತ್ತ. ರಸ್ತೆಯ ಈ ಬದಿ ಹೋಟೆಲು, ಆ ಬದಿ ಕೆಲಸದವರ ರೂಮು. ದಾಟುವ ಸರಿಯಾದ ಜಾಗ ಬಹಳ ದೂರ. ಹದಿನಾಲ್ಕು ಗಂಟೆ ನಿಂತ ಕಾಲು ಅಷ್ಟು ದೂರ ನಡೆದುಹೋಗಿ ದಾಟುತ್ತದೆ ಎಂದುಕೊಂಡು ನಕ್ಷೆ ಬರೆದವರಿಗೆ ಮನುಷ್ಯರ ಲೆಕ್ಕ ಬರೋದಿಲ್ಲ. ಸುತ್ತ ಹತ್ತಾರು ಜನ ಸೇರಿದರಂತೆ. ಒಬ್ಬರೂ ಗಾಡಿಯ ನಂಬರ್ ನೋಡಲಿಲ್ಲ. ಪೊಲೀಸು, ಸಾಕ್ಷಿ ಅಂತ ಹೆದರಿ ಮುಟ್ಟಲೂ ಇಲ್ಲ.

ಅವನ ತಾಯಿಗೆ ಪರಿಹಾರದ ಕಾಗದ ತುಂಬುವಾಗ "ನೀನು ಕಾಮರ್ಸು ಅಲ್ದಾ, ನೋಡು" ಎಂದು ಅಪ್ಪಯ್ಯ ನನ್ನ ಕೈಗೆ ಕೊಟ್ಟರು. ಆಗ ತಿಳಿದದ್ದು ಇದು. ಗಾಡಿ ಸಿಕ್ಕಿದ್ದರೆ ನ್ಯಾಯಮಂಡಳಿಯಲ್ಲಿ ಒಂದು ಸೂತ್ರ ಇದೆ, ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ಪ್ರಕರಣದಲ್ಲೂ 2017ರ ಪ್ರಣಯ್ ಸೇಠಿ ಪ್ರಕರಣದಲ್ಲೂ ಗಟ್ಟಿ ಮಾಡಿದ್ದು. ತಿಂಗಳಿಗೆ 12,000 ಸಂಬಳ ಅಂದರೆ ವರ್ಷಕ್ಕೆ 1,44,000. ಮುಂದೆ ಏರಬಹುದಾಗಿದ್ದ ಆದಾಯಕ್ಕೆಂದು ಶೇಕಡಾ 40 ಸೇರಿಸಿದರೆ 2,01,600. ಮದುವೆಯಾಗದವನು, ಅರ್ಧ ತನಗೇ ಖರ್ಚು ಮಾಡಿಕೊಳ್ತಿದ್ದ ಎಂದು ಕಳೆದರೆ 1,00,800. ಅದನ್ನು ವಯಸ್ಸಿನ ಗುಣಕ 18ರಿಂದ ಗುಣಿಸಿದರೆ 18,14,400 ರೂಪಾಯಿ. ಗಾಡಿ ಸಿಗದಿದ್ದರೆ? 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಯೋಜನೆಯಂತೆ ಸಾವಿಗೆ ಒಟ್ಟು 2 ಲಕ್ಷ. ಅದಕ್ಕೆ ಮುಂಚೆ 25,000 ಇತ್ತು. ಆ ತಾಯಿಗೆ 2 ಲಕ್ಷವೇ ಬಂತು. ಉಳಿದ 16 ಲಕ್ಷ, ನಂಬರ್ ಪ್ಲೇಟಿನ ನಾಲ್ಕು ಅಂಕಿಯ ಜೊತೆ ಕತ್ತಲಲ್ಲಿ ಹೋಯಿತು.

15ರಿಂದ 25 ವರ್ಷದವರಿಗೆಲ್ಲ ಆ ಗುಣಕ 18. ಅಂದರೆ ನನಗೂ, ಈ ಪತ್ರಿಕೆ ಓದುತ್ತಿರುವ ನಿಮಗೂ. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ ಎಂದು ಸರ್ಕಾರದ್ದೇ ಲೆಕ್ಕ, ದಿನಕ್ಕೆ 460ಕ್ಕೂ ಹೆಚ್ಚು. ಗಾಯಾಳುವಿಗೆ ನೆರವಾದವರನ್ನು ಹೆಸರು ಹೇಳೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಪೀಡಿಸಬಾರದು ಎಂದು 2019ರ ಮೋಟಾರು ವಾಹನ ತಿದ್ದುಪಡಿಯ ಅಡಿ ಮಾಡಿದ ನಿಯಮಗಳಲ್ಲೇ ಬರೆದಿದೆ. ಹದಿನೆಂಟಾಗದ ಹುಡುಗನಿಗೆ ಬೈಕು ಕೊಟ್ಟು ಅವನು ಅಪರಾಧ ಮಾಡಿದರೆ ತಂದೆಗೆ 25,000 ದಂಡ, ಮೂರು ವರ್ಷದವರೆಗೆ ಜೈಲು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ ಎಂದೂ ಆ ತಿದ್ದುಪಡಿಯಲ್ಲೇ ಇದೆ. ಆರು ಸಲ ಪ್ರಬಂಧ ಬರೆಸಿದವರು ಇದರಲ್ಲಿ ಒಂದನ್ನೂ ಹೇಳಲಿಲ್ಲ. ಆ ಹತ್ತಾರು ಜನರ ಗುಂಪಿನಲ್ಲೂ ಇಂಥದೇ ಪ್ರಬಂಧ ಬರೆದವರು ಇದ್ದೇ ಇರುತ್ತಾರೆ.

"ಜನರಿಗೆ ಶಿಸ್ತಿಲ್ಲ, ಅದಕ್ಕೆ ಪಾಠ ಏನು ಮಾಡುತ್ತೆ?" ಎಂದು ನಮ್ಮ ಸಂಘದ ಗೆಳೆಯರೊಬ್ಬರು ವಾದಿಸಿದರು. ಶಿಸ್ತು ಬೇಡ ಎನ್ನುತ್ತಿಲ್ಲ. ಆದರೆ 58 ಮೀಟರ್ ಎಷ್ಟು ಉದ್ದ ಎಂದು ಕಣ್ಣಾರೆ ಕಂಡಿಲ್ಲದವನಿಗೆ ಯಾವುದರ ಶಿಸ್ತು? ಆದ್ದರಿಂದ ಬರುವ ಸೆಪ್ಟೆಂಬರ್ 15ಕ್ಕೆ ಮೇಣದಬತ್ತಿಯ ಭಾಷಣ ಬಿಟ್ಟು, ಕಾಲೇಜಿನ ಗೇಟಿನ ಮುಂದೆ ಸುಣ್ಣದಲ್ಲಿ ಮೂರು ಗೆರೆ ಎಳೆಯೋಣ ಎಂಬುದು ನನ್ನ ಸೂಚನೆ. 20, 58, 85. ಪ್ರಿನ್ಸಿಪಾಲರಿಗೆ ಅರ್ಜಿ ಬರೆದಿದ್ದೇನೆ. ಫಿಸಿಕ್ಸ್ ವಿಭಾಗದವರು ಟೇಪು ಕೊಡುತ್ತೇವೆಂದು ಒಪ್ಪಿದ್ದಾರೆ. ಸಹಿ ಹಾಕುವವರು ಮಂಗಳವಾರ ಮಧ್ಯಾಹ್ನದೊಳಗೆ ಬಿ.ಕಾಂ. ಎರಡನೇ ವರ್ಷದ ಕ್ಲಾಸಿಗೆ ಬರಬೇಕು.