ಮನೆಯೇ ಪಾಠಶಾಲೆ! ಆದರೆ ಯಾರ ಮನೆ?

ದೊಡ್ಡ ನಗರಗಳ ಉಳ್ಳವರ ನಡುವೆ ಈಗ ಒಂದು ಮಾತು ಬಲವಾಗಿ ಕೇಳಿಬರುತ್ತಿದೆ. ಎಳೆಯ ಮಕ್ಕಳನ್ನು ಶಾಲೆಗೆ ಕಳಿಸಬೇಕಾಗಿಯೇ ಇಲ್ಲವಂತೆ. ಮನೆಯಲ್ಲಿ ಮಣ್ಣು ಕಲಸಿ, ಬೀಜ ಬಿತ್ತಿ, ಬೇಳೆ ತೂಗಿ, ಮರದ ತುಂಡು ಜೋಡಿಸಿ ಕಲಿತರೆ ಸಾಕಂತೆ. ತಂದೆತಾಯಿಗಳೊಡನೆ ಊರೂರು ಸುತ್ತಿದರೆ ಚರಿತ್ರೆ, ಭೂಗೋಳ ತಾವಾಗಿಯೇ ತಲೆಗೆ ಹತ್ತುವುವಂತೆ. ಹಂಪಿಯ ಕಲ್ಲಿನ ರಥದ ಮುಂದೆ ನಿಂತ ಮಗುವಿಗೆ ವಿಜಯನಗರದ ಪಾಠ ಬೇರೆ ಏಕೆ? 14 ವರ್ಷ ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೆಯ ತರಗತಿ ಪರೀಕ್ಷೆಗೆ ಕೂರಿಸಿದರೆ ಮುಗಿಯಿತು!

ಇದನ್ನು ಓದಿ ಕೆಲವರು ನಕ್ಕಾರು. ನಗಬೇಡಿ. ಈ ಕಲಿಕೆಯ ಕ್ರಮದಲ್ಲಿ ಸತ್ಯವಿದೆ. ಕೈ ದುಡಿದಾಗ ಬುದ್ಧಿ ಬೆಳೆಯುತ್ತದೆ, ಬಾಯಿಪಾಠದಿಂದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಇದನ್ನೇ ಹೇಳಿದರು. ಜಾಕಿರ್ ಹುಸೇನರ ಸಮಿತಿ ಅದಕ್ಕೊಂದು ಪಠ್ಯಕ್ರಮವನ್ನೂ ರಚಿಸಿತು. ಕೈಕಸುಬನ್ನು ನಡುವೆ ಇಟ್ಟು ಗಣಿತ, ಭಾಷೆ, ಸಮಾಜ ವಿಜ್ಞಾನಗಳನ್ನು ಅದರ ಸುತ್ತ ಹೆಣೆಯಬೇಕೆಂಬುದು ಆ ಮೂಲಶಿಕ್ಷಣದ ತಿರುಳು. ನೂಲಿನ ಗಿರಣಿಯಲ್ಲಿ ದುಡಿದವರಿಗೆ ಇದನ್ನು ವಿವರಿಸಬೇಕೆ? ಒಂದು ಪೌಂಡಿಗೆ 840 ಗಜದ 40 ಲಡಿ ಬಂದರೆ ಅದು 40ನೇ ನಂಬರಿನ ನೂಲು. ಅಂದರೆ ಒಂದು ಪೌಂಡಿನಲ್ಲಿ 33,600 ಗಜ. ಗುಣಾಕಾರ, ಭಾಗಾಕಾರ, ತೂಕ, ಅಳತೆ ಎಲ್ಲವೂ ಒಂದೇ ಲಡಿಯಲ್ಲಿವೆ.

ಆದ್ದರಿಂದ ನಮ್ಮ ಜಗಳ ಕೈಕೆಲಸದೊಡನೆ ಅಲ್ಲ, ಪ್ರವಾಸದೊಡನೆಯೂ ಅಲ್ಲ. ತೀವ್ರ ಅಂಗವೈಕಲ್ಯವುಳ್ಳ ಮಗುವಿಗೆ ಮನೆಯಲ್ಲಿಯೇ ಶಿಕ್ಷಣ ಪಡೆಯುವ ಹಕ್ಕನ್ನು 2012ರ ತಿದ್ದುಪಡಿ ಕೊಟ್ಟಿದೆ. ಅದನ್ನು ನಾವು ಸ್ವಾಗತಿಸುತ್ತೇವೆ. ನಾವು ಕೇಳುವುದು ಒಂದೇ ಪ್ರಶ್ನೆ: ಮನೆಯೇ ಪಾಠಶಾಲೆ ಎನ್ನುವಿರಲ್ಲ, ಅದು ಯಾರ ಮನೆ?

ಇಡೀ ದಿನ ಮಗುವಿನ ಜೊತೆ ಕೂರಲು ಸಂಪಾದನೆಯ ಚಿಂತೆಯಿಲ್ಲದ ಒಬ್ಬ ಹಿರಿಯರಿರುವ ಮನೆ ಅದು. ಪುಸ್ತಕ, ಬಣ್ಣ, ಉಪಕರಣ, ಪ್ರತ್ಯೇಕ ಕೋಣೆ ಇರುವ ಮನೆ. ಎರಡನೆಯ ಪಾಳಿ ಮುಗಿಸಿ ನಡುರಾತ್ರಿ ಬರುವ ಗಿರಣಿ ಕಾರ್ಮಿಕ ಮಗುವಿನ ಮುಖ ನೋಡುವುದೇ ಅದು ಮಲಗಿದ ಮೇಲೆ. ಬೆಳಗ್ಗೆ ಆರಕ್ಕೆ ಬಾಗಿಲು ತೆರೆದು ರಾತ್ರಿ ಹತ್ತಕ್ಕೆ ಮುಚ್ಚುವ ಕಿರಾಣಿ ಅಂಗಡಿಯವನು ಎಂಟು ದಿನ ಪ್ರವಾಸ ಹೋದರೆ, ತಿರುಗಿ ಬರುವಷ್ಟರಲ್ಲಿ ಗಿರಾಕಿಗಳು ಪಕ್ಕದಂಗಡಿಯ ಪಾಲು!

ಇನ್ನೂ ಕಹಿಯಾದ ಸಂಗತಿಯಿದೆ. ನಮ್ಮ ಮಕ್ಕಳೂ ಕೈಯಿಂದಲೇ ಕಲಿಯುತ್ತಾರೆ. ಅಂಗಡಿಯವನ ಮಗಳು ಕಾಲು ಕಿಲೋ ಮೆಣಸಿನಕಾಯಿ ತೂಗಿ, ಚಿಲ್ಲರೆ ಎಣಿಸಿ ಕೊಡುತ್ತಾಳೆ. ನಮ್ಮ ಮಕ್ಕಳೂ ಕುಟುಂಬದೊಡನೆ ಸಂಚರಿಸುತ್ತಾರೆ. ಮಳೆ ಕೈಕೊಟ್ಟ ವರ್ಷ ಉತ್ತರ ಕರ್ನಾಟಕದ ಎಷ್ಟು ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುತ್ತವೆ! ಧನಿಕರ ಮಗು ತೂಗಿದರೆ ಅದು ಗಣಿತ. ನಮ್ಮ ಮಗು ತೂಗಿದರೆ ಅದು ಮನೆಗೆಲಸ. ಅವರ ಮಗು ಊರು ಬಿಟ್ಟರೆ ಅದು ಶಿಕ್ಷಣ ಪ್ರವಾಸ. ನಮ್ಮ ಮಗು ಊರು ಬಿಟ್ಟರೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ!

2016ರಲ್ಲಿ ಬಾಲಕಾರ್ಮಿಕ ಕಾಯಿದೆಯನ್ನು ತಿದ್ದಿದಾಗ, ಶಾಲೆಯ ವೇಳೆಯ ನಂತರ ಮತ್ತು ರಜೆಯಲ್ಲಿ 14 ವರ್ಷದೊಳಗಿನ ಮಕ್ಕಳು ಕುಟುಂಬದ ಉದ್ಯಮಕ್ಕೆ ನೆರವಾಗಬಹುದೆಂದು ಬಾಗಿಲು ತೆರೆದರು. ಕೆಲಸ ಅಪಾಯಕಾರಿಯಾಗಿರಬಾರದು, ಅಷ್ಟೆ. ಬಡವನ ಮನೆಯಲ್ಲಿ ಶಾಲೆಯ ವೇಳೆ ಯಾವುದು, ನಂತರದ ವೇಳೆ ಯಾವುದು ಎಂದು ನೋಡುವವರು ಯಾರು? ಮನೆಯಲ್ಲೇ ಕಲಿಯಲಿ ಎಂಬ ಮಾತು ಬಡವನ ಓಣಿಗೆ ಬಂದಾಗ ಮನೆಯಲ್ಲೇ ದುಡಿಯಲಿ ಎಂದಾಗುತ್ತದೆ. ಮೊದಲು ಶಾಲೆ ಬಿಡುವವಳು ಹೆಣ್ಣುಮಗಳು.

ನಾವು ಯಾರಿಗೆ ತೊಂದರೆ ಕೊಟ್ಟೆವು, ನಮ್ಮ ಮಕ್ಕಳನ್ನು ನಾವು ಕಲಿಸಿಕೊಳ್ಳುತ್ತೇವೆ ಎನ್ನುವರು ಆ ಮಹನೀಯರು. ತೊಂದರೆ ಇದೆ. ಅರ್ಜಿ ಬರೆಯಬಲ್ಲವರು, ಅಧಿಕಾರಿಯನ್ನು ಎದುರು ನಿಂತು ಕೇಳಬಲ್ಲವರು ಊರ ಶಾಲೆಯಿಂದ ಮೊದಲು ಖಾಸಗಿ ಶಾಲೆಗೆ ಹೋದರು. ಈಗ ಕೆಲವರು ಅಲ್ಲಿಂದಲೂ ಮನೆಗೆ ಹೋಗುತ್ತಿದ್ದಾರೆ. ಊರ ಶಾಲೆಯ ಸೂರು ಸೋರಿದರೆ ಕೇಳುವವರಿಲ್ಲ. ಎಲ್ಲರ ಮಕ್ಕಳೂ ನೆರೆಹೊರೆಯ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು, ಕಲಿಕೆಯಲ್ಲಿ ದುಡಿಮೆಯ ಅನುಭವ ಸೇರಬೇಕೆಂದು, ರಾಷ್ಟ್ರೀಯ ವರಮಾನದ ಶೇಕಡ 6ರಷ್ಟನ್ನು ಶಿಕ್ಷಣಕ್ಕೆ ಖರ್ಚುಮಾಡಬೇಕೆಂದು 1966ರಲ್ಲಿಯೇ ಕೊಠಾರಿ ಆಯೋಗ ಹೇಳಿತು. ಎಷ್ಟು ಸರ್ಕಾರಗಳು ಬಂದುಹೋದವು! ಆ ಆರು ಇಂದಿಗೂ ಕಾಗದದ ಮೇಲಿನ ಆರಾಗಿಯೇ ಉಳಿದಿದೆ.

ಸರ್ಕಾರಿ ಶಾಲೆಯಲ್ಲಿ ಇದು ಸಾಧ್ಯವಿಲ್ಲ ಎನ್ನುವವರಿಗೆ ಹೆಗ್ಗಡದೇವನಕೋಟೆಯೇ ಉತ್ತರ. 1995ರಲ್ಲಿ ಆ ಹಿಂದುಳಿದ ತಾಲೂಕಿನ ಸರ್ಕಾರಿ ಶಿಕ್ಷಕರು ಋಷಿವ್ಯಾಲಿಯ ಪ್ರಯೋಗವನ್ನು ಕಂಡು ಬಂದು ನಲಿ ಕಲಿಯನ್ನು ಆರಂಭಿಸಿದರು. ಕಾರ್ಡು, ಹಾಡು, ಆಟ, ಕೈಚಟುವಟಿಕೆ. ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಏರುವ ಕ್ರಮ. ಆದರೆ ಸರ್ಕಾರ ಹಾಡು ಕೊಟ್ಟಿತು, ಹಾಡಿಸುವ ಮೇಷ್ಟರನ್ನು ಸಾಕಷ್ಟು ಕೊಡಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಸಾಕು. ಐದು ತರಗತಿ, ಇಬ್ಬರು ಮೇಷ್ಟರು! ಅವರಲ್ಲೊಬ್ಬರು ಚುನಾವಣೆಯ ಕೆಲಸಕ್ಕೆ ಹೋದ ದಿನ ಉಳಿದವರು ಏನು ಕಲಿಸಿಯಾರು, ಏನು ಕಾದಾರು?

ತಪ್ಪು ನಮ್ಮದೂ ಇದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ಸ್ಥಾನ ತಂದೆತಾಯಿಗಳದೆಂದು ಕಾನೂನಿದೆ. ಬೋನಸ್ಸಿಗಾಗಿ ಗೇಟಿನ ಮುಂದೆ ಕೂರಲು ಬಲ್ಲ ನಾವು ಆ ಸಮಿತಿಯ ಸಭೆಗೆ ಎಷ್ಟು ಸಲ ಹೋಗಿದ್ದೇವೆ? ಸಾಲ ಮಾಡಿ ಇಂಗ್ಲಿಷ್ ಬೋರ್ಡಿನ ಶಾಲೆಗೆ ಫೀಜು ಕಟ್ಟಿ, ಊರ ಶಾಲೆಯತ್ತ ತಿರುಗಿಯೂ ನೋಡದ ಅಂಗಡಿಕಾರರು ನಮ್ಮಲ್ಲೇ ಇದ್ದಾರೆ.

ನಮ್ಮ ಬೇಡಿಕೆಗಳು ಸ್ಪಷ್ಟ. ತರಗತಿಗೊಬ್ಬ ಶಿಕ್ಷಕ ಬೇಕು. ಪ್ರತಿ ಶಾಲೆಗೆ ಕೈತೋಟ, ಕೈಕೆಲಸದ ಕೋಣೆ, ಸಾಮಗ್ರಿಗೆ ಹಣ ಬೇಕು. ಪ್ರತಿ ಮಗುವಿಗೂ ವರ್ಷಕ್ಕೊಮ್ಮೆ ಸರ್ಕಾರದ ಖರ್ಚಿನಲ್ಲಿ ಪ್ರವಾಸ ಬೇಕು. ಫೀಜು ಕಟ್ಟಿದವರಿಗೆ ಮಾತ್ರ ಅಲ್ಲ. ಗುಳೆ ಹೋದ ಮಗುವಿಗೆ ಹೋದ ಊರಿನ ಶಾಲೆ ಅಂದೇ ಬಾಗಿಲು ತೆರೆಯಬೇಕು. ವರ್ಗಾವಣೆ ಪತ್ರ ತಡವಾಯಿತೆಂದು ಸೇರಿಸದೆ ಇರಬಾರದೆಂದು ಕಾಯಿದೆಯೇ ಹೇಳಿದೆ.

ಹಂಪಿ ಎಲ್ಲರದು. ಮಣ್ಣು ಎಲ್ಲರದು. ಮಣ್ಣಿನಿಂದ ಕಲಿಯುವ ಸುಖವೂ ಎಲ್ಲರ ಮಕ್ಕಳದಾಗಲಿ. ಬರುವ ಸಮಿತಿ ಸಭೆಗೆ ಪಾಳಿ ಬದಲಿಸಿಕೊಂಡಾದರೂ ಹೋಗಿ. ಅಂಗಡಿಯನ್ನು ಒಂದು ಗಂಟೆ ಮುಚ್ಚಿಯಾದರೂ ಹೋಗಿ. ಊರ ಶಾಲೆಯನ್ನು ನಾವು ಕೈಬಿಟ್ಟರೆ ಅದನ್ನು ಹಿಡಿಯುವ ಕೈ ಬೇರೊಂದಿಲ್ಲ.