ಹಣ್ಣಿನ ಬುಟ್ಟಿಯ ಗೌರವ

ಪ್ರತಿ ವರ್ಷ ಅಕ್ಟೋಬರ್ 10ರಂದು ವಿಶ್ವ ಮಾನಸಿಕ ಆರೋಗ್ಯ ದಿನ ಬರುತ್ತದೆ. ಅಂದು ನಮ್ಮ ಊರುಗಳಲ್ಲಿ ಸಭೆಯೊಂದು ಸೇರುವುದುಂಟು. ಪ್ರಾರ್ಥನೆ, ಸ್ವಾಗತಗಳು ಮುಗಿದಮೇಲೆ, ಮನೋರೋಗಿಗಳ ನಡುವೆ ದುಡಿಯುವ ಒಬ್ಬಿಬ್ಬರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಾರ ಹಾಕಿ, ಕೈಗೊಂದು ಹಣ್ಣಿನ ಬುಟ್ಟಿ ಕೊಡುತ್ತಾರೆ. ಜಿಲ್ಲಾ ಆಸ್ಪತ್ರೆಯೊಂದರ ಮನೋರೋಗ ವಿಭಾಗದಲ್ಲಿ ಸಮಾಜ ಕಾರ್ಯಕರ್ತನಾಗಿ ದುಡಿದ ನನಗೂ ಆ ಬುಟ್ಟಿ ಒಮ್ಮೆ ಸಿಕ್ಕಿತ್ತು. ‘ಇಂಥವರ ತ್ಯಾಗಕ್ಕೆ ಬೆಲೆ ಕಟ್ಟಲಾಗದು’ ಎಂದರು ಅಧ್ಯಕ್ಷರು. ಕಟ್ಟಿರಲೂ ಇಲ್ಲ, ನಮ್ಮಲ್ಲಿ ಗುತ್ತಿಗೆಯ ಮೇಲಿದ್ದ ದಾದಿಗೆ ಆಗ ಮೂರು ತಿಂಗಳಿಂದ ಸಂಬಳ ಬಂದಿರಲಿಲ್ಲ.

‘ಇಷ್ಟೊಂದು ದುಃಖ ಕೇಳಿಕೊಂಡು ನೀವು ಹೇಗೆ ಬದುಕುತ್ತೀರಿ ಸ್ವಾಮಿ?’ ಎಂದು ಸಭೆ ಮುಗಿದಮೇಲೆ ಯಾರಾದರೂ ಕೇಳುತ್ತಾರೆ. ಉತ್ತರವನ್ನೂ ಅವರೇ ಕೊಡುತ್ತಾರೆ: ಧ್ಯಾನ ಮಾಡಬೇಕು, ತಾವರೆ ಎಲೆಯ ಮೇಲಿನ ನೀರಿನಂತಿರಬೇಕು. ಮೇಲಧಿಕಾರಿಗಳೂ ಈ ಪಾಠವನ್ನು ಕಲಿತಿದ್ದಾರೆ. ಸಿಬ್ಬಂದಿ ಬಳಲಿದರೆ ಒಂದು ದಿನದ ಶಿಬಿರ, ಶಿಬಿರದಲ್ಲಿ ಪ್ರಾಣಾಯಾಮ. ಪ್ರಾಣಾಯಾಮದ ಮೇಲೆ ನನಗೆ ಸಿಟ್ಟಿಲ್ಲ. ಸೊಂಟನೋವಿಗೆ ನಾನೂ ಆಸನ ಹಾಕುತ್ತೇನೆ. ಆದರೆ ಮೂವರ ಕೆಲಸವನ್ನು ಒಬ್ಬನ ಹೆಗಲಿಗೆ ಹೇರಿ, ಉಸಿರನ್ನು ಮೆಲ್ಲಗೆ ಬಿಡು ಎಂದು ಬೋಧಿಸುವವರ ಜಾಣತನ ಮೆಚ್ಚತಕ್ಕದ್ದೇ.

ದುಡಿದು ದುಡಿದು ಒಳಗೆ ಬೆಂದುಹೋಗುವ ಈ ಸ್ಥಿತಿಗೆ ‘ಬರ್ನ್‌ಔಟ್’ ಎಂಬ ಹೆಸರಿದೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅದರ ಬಗ್ಗೆ ಬರೆದಾಗ ಅವರ ಕಣ್ಣ ಮುಂದಿದ್ದವರು ಸೋಮಾರಿಗಳಲ್ಲ. ಅಮೆರಿಕದ ಉಚಿತ ಚಿಕಿತ್ಸಾಲಯಗಳಲ್ಲಿ ಹಗಲಿರುಳು ಉತ್ಸಾಹದಿಂದ ದುಡಿದು ಬರಿದಾದವರು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿಯಲ್ಲಿ ಇದನ್ನು ಕಾಯಿಲೆಯೆಂದು ಕರೆಯಲಿಲ್ಲ. ಕೆಲಸದ ಸ್ಥಳದ ಒತ್ತಡವನ್ನು ನಿಭಾಯಿಸದೆ ಬಿಟ್ಟುದರ ಫಲವೆಂದು ಕರೆಯಿತು. ನಾವಾದರೋ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರು.

ನಮ್ಮನ್ನು ನಿಲ್ಲಿಸಿದ್ದು ಏನೆಂದು ಕೇಳಿದರೆ ಸಂಕೋಚವಿಲ್ಲದೆ ಹೇಳುತ್ತೇನೆ: ನಾಲ್ಕು ಗಂಟೆಯ ಚಹಾ. ವಿಭಾಗದ ಹಿರಿಯ ವೈದ್ಯರು ದಿನವೂ ನಾಲ್ಕಕ್ಕೆ ಬಾಗಿಲು ಹಾಕಿಸಿ, ಆಯಾ ಸಹಿತವಾಗಿ ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಅಂದು ಯಾವ ರೋಗಿಯ ಮಾತು ಯಾರ ಮನಸ್ಸನ್ನು ಕಲಕಿತು, ಯಾರು ಎಲ್ಲಿ ತಪ್ಪಿದರು, ಎಲ್ಲವೂ ಅಲ್ಲಿ ಬರಬೇಕು. ನಾಲ್ಕು ತಿಂಗಳು ನಾನು ನೋಡಿಕೊಂಡ ಹುಡುಗನೊಬ್ಬ ಒಮ್ಮೆ ಜೀವ ಕಳೆದುಕೊಂಡ. ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ವೈದ್ಯರು ಉಪದೇಶಕ್ಕೆ ಹೋಗಲಿಲ್ಲ. ಕಡತ ತರಿಸಿ ಮೊದಲ ಪುಟದಿಂದ ನನ್ನೊಡನೆ ಓದಿದರು. ‘ಇಲ್ಲಿ ನೀವು ಮಾಡಿದ್ದು ಸರಿ. ಇಲ್ಲಿ ನಾವಿಬ್ಬರೂ ನೋಡಬೇಕಾಗಿತ್ತು’ ಎಂದರು. ಮರುದಿನ ಆ ಮನೆಗೆ ನನ್ನ ಜೊತೆ ತಾವೂ ಬಂದರು. ಅದರ ಮಾರನೆಯ ದಿನ ನಾನು ಮತ್ತೆ ಕೆಲಸಕ್ಕೆ ಕೂತೆ.

2020ರ ಮಾರ್ಚ್ 22ರ ಸಂಜೆ ಐದಕ್ಕೆ ದೇಶವೆಲ್ಲ ತಟ್ಟೆ ಬಡಿದಾಗ ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಮುಂದೆ ತಿಂಗಳುಗಟ್ಟಲೆ ನಾವು ಫೋನಿನ ಮುಂದೆ ಕೂತು ಕ್ವಾರಂಟೈನ್‌ನಲ್ಲಿದ್ದವರ ಅಳಲು ಕೇಳಿದೆವು. ತನ್ನ ತಂದೆ ಆಕ್ಸಿಜನ್ ಮೇಲಿರುವಾಗ ಕಂಡವರ ತಂದೆಯರ ಸಾವಿನ ಸುದ್ದಿಯನ್ನು ಕೇಳಬೇಕಾದ ಹುಡುಗಿಯೊಬ್ಬಳು ನಮ್ಮಲ್ಲಿದ್ದಳು. ಆಗಲೂ ಚಹಾ ನಿಲ್ಲಲಿಲ್ಲ. ಅಂಗಳದಲ್ಲಿ ಆರಡಿ ದೂರ ದೂರ ಕೂತು ಕುಡಿದು, ಅವಳ ಪಾಳಿಯನ್ನು ಹಂಚಿಕೊಂಡೆವು. ಆಮೇಲೆ ಹಿರಿಯರಿಗೆ ವರ್ಗವಾಯಿತು. ಬಂದವರಿಗೆ ಎರಡು ಆಸ್ಪತ್ರೆಗಳ ಹೊಣೆ, ಚಹಾಕ್ಕೆ ಪುರಸೊತ್ತೆಲ್ಲಿ? ವರ್ಷ ತುಂಬುವುದರೊಳಗೆ ಹುಡುಗಿ ರಾಜೀನಾಮೆ ಕೊಟ್ಟಳು. ಪ್ರಾಣಾಯಾಮ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು.

ಆ ದಿನಗಳಲ್ಲೇ ರೋಗಿಯೊಬ್ಬನ ತಾಯಿಯ ಮೇಲೆ ನಾನು ರೇಗಿದೆ. ‘ಮಾತ್ರೆ ಸರಿಯಾಗಿ ಕೊಡಲಾಗದಿದ್ದರೆ ಇಲ್ಲಿಗೇಕೆ ಬರುತ್ತೀರಮ್ಮ?’ ಆಕೆ ಎರಡು ಬಸ್ಸು ಹತ್ತಿ ಇಳಿದು ಬಂದವರು. ಏನೂ ಆಡದೆ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದರು. ಮುಂದಿನ ತಿಂಗಳು ಬರಲಿಲ್ಲ. ನಮ್ಮ ಬಳಲಿಕೆಯ ಬೆಲೆಯನ್ನು ತೆರುವವರು ಇಂಥವರು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಚಿಕಿತ್ಸೆ ಬೇಕಾದವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ, ಕಾಯಿಲೆ ಯಾವುದೆಂಬುದರ ಮೇಲೆ, ಅದು ಸಿಕ್ಕಿರಲಿಲ್ಲ. ಹೇಗೋ ಬಾಗಿಲಿಗೆ ಬಂದವರೊಬ್ಬರನ್ನು ನಾನು ಹಿಂದಕ್ಕೆ ಕಳಿಸಿದೆ.

ಜನವಿಲ್ಲ, ಹಣವಿಲ್ಲ ಎನ್ನುವವರಿದ್ದಾರೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಹೊರೆಯನ್ನು ಹಂಚಿ ತೋರಿಸಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದೇಶಕ್ಕೆ ಬುದ್ಧಿ ಹೇಳಿದ ನಾಡು ನಮ್ಮದು. ಇನ್ನು ಕಾನೂನು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 31ನೆಯ ಕಲಂ, ಜನಸಂಖ್ಯೆಗೆ ತಕ್ಕಷ್ಟು ಮನೋವೈದ್ಯರು, ದಾದಿಯರು, ಕಾರ್ಯಕರ್ತರು ಇರುವಂತೆ ಹತ್ತು ವರ್ಷದೊಳಗೆ ಸರ್ಕಾರಗಳು ಪ್ರಯತ್ನಿಸತಕ್ಕದ್ದೆಂದು ಹೇಳುತ್ತದೆ. ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ಗಡುವನ್ನು ಓದುಗರೇ ಎಣಿಸಿಕೊಳ್ಳಬಹುದು. ‘ಪ್ರಯತ್ನ’ ಎಂಬ ಶಬ್ದವನ್ನು ಅಲ್ಲಿಟ್ಟವರು ಅನುಭವಸ್ಥರು.

ಈಗ ನಾನು ನಿವೃತ್ತ. ಈ ಸಲದ ಸಭೆಗೂ ಆಹ್ವಾನ ಬಂತು, ಮತ್ತೊಮ್ಮೆ ಸನ್ಮಾನವಂತೆ. ಶಾಲಿನ ಹಣದಲ್ಲಿ ಒಂದು ಮನವಿ ಅಚ್ಚು ಹಾಕಿಸಿ, ನಮ್ಮ ಆಸ್ಪತ್ರೆಯಲ್ಲಿ ಖಾಲಿ ಬಿದ್ದಿರುವ ಸಮಾಜ ಕಾರ್ಯಕರ್ತನ ಹುದ್ದೆ, ಅಂದರೆ ನನ್ನದೇ ಕುರ್ಚಿ, ಭರ್ತಿಯಾಗಲೆಂದು ಸಭಿಕರಿಂದ ಸಹಿ ಮಾಡಿಸೋಣವೇ ಎಂದು ಬರೆದು ಕೇಳಿದೆ. ಕಾರ್ಯದರ್ಶಿಗಳು ಫೋನು ಮಾಡಿ, ಬುಟ್ಟಿಯಲ್ಲಿ ಈ ಸಲ ಸೇಬಿನ ಜೊತೆ ದಾಳಿಂಬೆಯೂ ಇರುತ್ತದೆಂದು ತಿಳಿಸಿದರು.